ಆರು ಕೋಟಿ ಡಾಲರಿನ ಆಟಗಾರ: ಫ್ರಿಸ್ಕೋದ ಓದುಗರಿಗೆ ಉತ್ತರ

ಅಮೆರಿಕದ ಟೆಕ್ಸಸ್ ರಾಜ್ಯದ ಫ್ರಿಸ್ಕೋದಲ್ಲಿ ನೆಲೆಸಿರುವ ನಮ್ಮ ಓದುಗರೊಬ್ಬರು ಬರೆದಿರುವ ಪತ್ರದ ಸಾರ ಇಷ್ಟು: "ನಮ್ಮೂರಿನಲ್ಲೇ ಕಚೇರಿ, ಅಭ್ಯಾಸದ ಮೈದಾನ ಎಲ್ಲವನ್ನೂ ಇಟ್ಟುಕೊಂಡಿರುವ ಅಮೆರಿಕನ್ ಫುಟ್‌ಬಾಲ್ ತಂಡ ಡಲ್ಲಾಸ್ ಕೌಬಾಯ್ಸ್ ತನ್ನ ಕ್ವಾರ್ಟರ್‌ಬ್ಯಾಕ್ ಡ್ಯಾಕ್ ಪ್ರೆಸ್ಕಾಟ್‌ಗೆ ವರ್ಷಕ್ಕೆ 6 ಕೋಟಿ ಡಾಲರ್ ಕೊಡುತ್ತಿದೆ. ಹತ್ತು ಋತು ಆಡಿದರೂ ಆತ ತಂಡವನ್ನು ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಇರಲಿ, ಅದರ ಹಿಂದಿನ ಪಂದ್ಯಕ್ಕೂ ಮುಟ್ಟಿಸಿಲ್ಲ. 2022ರಲ್ಲಿ ಆತ ಗಾಯಗೊಂಡಾಗ ಕೂಪರ್ ರಷ್ ಎಂಬ ಅಗ್ಗದ ಆಟಗಾರ ಐದರಲ್ಲಿ ನಾಲ್ಕು ಪಂದ್ಯ ಗೆಲ್ಲಿಸಿದ. ಡೆನ್ವರ್ ತಂಡ ತನ್ನ ದುಬಾರಿ ಕ್ವಾರ್ಟರ್‌ಬ್ಯಾಕ್ ರಸೆಲ್ ವಿಲ್ಸನ್‌ನನ್ನು ಕೈಬಿಟ್ಟ ಮೇಲೆ ಉದ್ಧಾರವಾಯಿತು. ಆರ್‌ಸಿಬಿ ಕೊಹ್ಲಿಯನ್ನು ಬಿಡದೆ ಉಳಿಸಿಕೊಂಡೇ ಗೆದ್ದಿತಲ್ಲ ಎಂದು ಗೆಳೆಯರು ವಾದಿಸುತ್ತಾರೆ, ನನಗೆ ಆ ಹೋಲಿಕೆ ಒಪ್ಪಿಗೆಯಾಗುವುದಿಲ್ಲ. ಡಲ್ಲಾಸ್ ಹೀಗೆ ದುಡ್ಡು ಸುರಿಯುವುದನ್ನು ನಿಲ್ಲಿಸಬೇಡವೇ?"

ನಿಲ್ಲಿಸಬಾರದು, ಇನ್ನೆರಡು ಋತುಗಳ ಮಟ್ಟಿಗಂತೂ ಬಾರದು ಎಂಬುದು ನನ್ನ ಅಭಿಪ್ರಾಯ. ಹಾಗೆಂದು 2024ರ ಒಪ್ಪಂದವನ್ನು ನಾನು ಸಮರ್ಥಿಸುತ್ತಿಲ್ಲ. ಅದು ತಡವಾಗಿ, ಬೇರೆ ದಾರಿಗಳೆಲ್ಲ ಮುಚ್ಚಿಹೋದ ಮೇಲೆ ಮಾಡಿಕೊಂಡ ದುಬಾರಿ ಒಪ್ಪಂದ. ಆದರೆ ಅದಕ್ಕೆ ಸಹಿ ಹಾಕಿದ್ದು ಸರಿಯೇ ಎಂಬುದು ಒಂದು ಪ್ರಶ್ನೆ, ಸಹಿ ಹಾಕಿದ ಮೇಲೆ ಅದನ್ನು ಮುರಿಯುವುದು ಲಾಭವೇ ಎಂಬುದು ಬೇರೆಯೇ ಪ್ರಶ್ನೆ. ನಿಮ್ಮ ಪತ್ರವೂ ಸೇರಿದಂತೆ ಈ ವಿಷಯದ ಹೆಚ್ಚಿನ ಚರ್ಚೆಗಳಲ್ಲಿ ಮೊದಲನೆಯದಕ್ಕೆ ಸಿಕ್ಕ ಉತ್ತರವನ್ನೇ ಎರಡನೆಯದಕ್ಕೂ ಅಂಟಿಸಲಾಗುತ್ತಿದೆ.

ಈ ಆಟದ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ತಂಡದ ಪ್ರತಿ ದಾಳಿಯೂ ಕ್ವಾರ್ಟರ್‌ಬ್ಯಾಕ್‌ನ ಕೈಯಿಂದಲೇ ಹೊರಡುತ್ತದೆ. ಚೆಂಡನ್ನು ಯಾರಿಗೆ ಎಸೆಯಬೇಕು, ಯಾರ ಕೈಗೆ ಕೊಡಬೇಕು ಎಂಬುದನ್ನು ಆತ ಎರಡು ಮೂರು ಸೆಕೆಂಡುಗಳಲ್ಲಿ ನಿರ್ಧರಿಸಬೇಕು. ಅದನ್ನು ಚೆನ್ನಾಗಿ ಮಾಡಬಲ್ಲವರು ವಿರಳವಾದ್ದರಿಂದ ಅವರ ಬೆಲೆ ಏರುತ್ತಲೇ ಇದೆ. ಇನ್ನೊಂದೆಡೆ, ಒಂದು ತಂಡ ತನ್ನ 53 ಆಟಗಾರರಿಗೆ ಒಟ್ಟಾರೆ ಎಷ್ಟು ಖರ್ಚು ಮಾಡಬಹುದು ಎಂಬುದಕ್ಕೆ ಲೀಗ್ ಪ್ರತಿವರ್ಷ ಮಿತಿಯೊಂದನ್ನು ನಿಗದಿಪಡಿಸುತ್ತದೆ. ಸ್ಯಾಲರಿ ಕ್ಯಾಪ್ ಎನ್ನುವ ಈ ಮಿತಿ 1994ರಲ್ಲಿ ಮೊದಲು ಜಾರಿಗೆ ಬಂದಾಗ 3.46 ಕೋಟಿ ಡಾಲರ್ ಇತ್ತು, 2024ರಲ್ಲಿ 25.54 ಕೋಟಿಗೆ, 2025ರಲ್ಲಿ 27.92 ಕೋಟಿಗೆ ಏರಿತು. ಪ್ರೆಸ್ಕಾಟ್ ಅವರ ಸರಾಸರಿ ಸಂಬಳ 6 ಕೋಟಿ ಎಂದರೆ, ಸಹಿ ಹಾಕಿದ ವರ್ಷದ ಲೆಕ್ಕದಲ್ಲಿ ತಂಡದ ಇಡೀ ಚೀಲದ ಕಾಲುಭಾಗಕ್ಕೆ ತುಸು ಕಡಿಮೆ.

ಈಗ ನಿಮ್ಮ ಗೆಳೆಯರ ಆರ್‌ಸಿಬಿ ವಾದಕ್ಕೆ ಬರೋಣ. 2025ರ ಐಪಿಎಲ್‌ಗೆ ಪ್ರತಿ ತಂಡದ ಚೀಲದಲ್ಲಿ 120 ಕೋಟಿ ರೂಪಾಯಿ ಇತ್ತು. ಬೆಂಗಳೂರು ತಂಡ ಅದರಲ್ಲಿ 21 ಕೋಟಿ ಕೊಟ್ಟು ಕೊಹ್ಲಿಯವರನ್ನು ಉಳಿಸಿಕೊಂಡಿತು, ಅಂದರೆ ಶೇಕಡಾ 17.5. ಉಳಿದ ಹಣದಲ್ಲಿ ಹೇಜಲ್‌ವುಡ್, ಸಾಲ್ಟ್, ಭುವನೇಶ್ವರ್, ಕೃಣಾಲ್ ಮುಂತಾದವರನ್ನು ತಂದು 2025ರ ಜೂನ್ 3ರಂದು 18ನೇ ಪ್ರಯತ್ನದಲ್ಲಿ ಕಪ್ ಎತ್ತಿತು. ಹೋಲಿಕೆ ತೀರಾ ತಪ್ಪಲ್ಲ, ಒಬ್ಬರಿಗೆ ಕೊಟ್ಟ ಮೇಲೆ ಉಳಿದದ್ದನ್ನು ಹೇಗೆ ಬಳಸುತ್ತೀರಿ ಎನ್ನುವುದು ಎರಡೂ ಕಡೆ ಮುಖ್ಯ. ಆದರೆ ಐಪಿಎಲ್ ಚೀಲಕ್ಕೆ ಇಲ್ಲದ ಒಂದು ಗುಣ ಅಮೆರಿಕದ ಈ ಚೀಲಕ್ಕಿದೆ: ಇಲ್ಲಿ ಸಾಲ ಮಾಡಬಹುದು. ನಿಮ್ಮ ಪ್ರಶ್ನೆಯ ಕೀಲಿ ಇರುವುದು ಇಲ್ಲೇ ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

2024ರ ಸೆಪ್ಟೆಂಬರ್ 8ರಂದು, ಕ್ಲೀವ್‌ಲ್ಯಾಂಡಿನಲ್ಲಿ ಋತುವಿನ ಮೊದಲ ಪಂದ್ಯ ಶುರುವಾಗುವುದಕ್ಕೆ ಕೆಲವೇ ಗಂಟೆಗಳ ಮೊದಲು, ನಾಲ್ಕು ವರ್ಷದ 24 ಕೋಟಿ ಡಾಲರಿನ ಒಪ್ಪಂದ ಕುದುರಿತು. ಅದರಲ್ಲಿ 23.1 ಕೋಟಿಗೆ ಗ್ಯಾರಂಟಿ. 8 ಕೋಟಿ ಸಹಿ ಹಾಕಿದ್ದಕ್ಕೇ ಕೊಡುವ ಸೈನಿಂಗ್ ಬೋನಸ್. ಬೋನಸ್ ಆಟಗಾರನ ಕೈಗೆ ಬೇಗನೆ ಸಿಕ್ಕರೂ ಕ್ಯಾಪ್‌ನ ಲೆಕ್ಕದಲ್ಲಿ ಅದನ್ನು ಐದು ವರ್ಷಗಳಿಗೆ ಹಂಚಿ ವರ್ಷಕ್ಕೆ 1.6 ಕೋಟಿಯಂತೆ ಬರೆದುಕೊಳ್ಳಬಹುದು. ಇದೇ ಉಪಾಯವನ್ನು ಮತ್ತೆ ಮತ್ತೆ ಬಳಸುವುದಕ್ಕೂ ಅಡ್ಡಿಯಿಲ್ಲ. 2025ರಲ್ಲಿ ಪ್ರೆಸ್ಕಾಟ್ ಅವರ ಹೆಸರಿನಲ್ಲಿ ಕ್ಯಾಪ್‌ಗೆ ಸುಮಾರು 9 ಕೋಟಿ ಡಾಲರ್ ಬೀಳಬೇಕಿತ್ತು. ಡಲ್ಲಾಸ್ ಆ ವರ್ಷದ ಸಂಬಳದಲ್ಲಿ 4.5 ಕೋಟಿಗೂ ಹೆಚ್ಚನ್ನು ಬೋನಸ್ ಎಂದು ಹೆಸರು ಬದಲಿಸಿ ಐದು ವರ್ಷಗಳಿಗೆ ಹಂಚಿತು. ಒಂದು ಸಹಿಯಿಂದ ಆ ವರ್ಷದ ಮಟ್ಟಿಗೆ 3.6 ಕೋಟಿಯಷ್ಟು ಜಾಗ ಹುಟ್ಟಿತು. ಆಟಗಾರನಿಗೆ ಬರುವ ಹಣದಲ್ಲಿ ಬಿಡಿಗಾಸೂ ಕಡಿಮೆಯಾಗಲಿಲ್ಲ, ತಂಡದ ಭಾರ ಮುಂದಿನ ವರ್ಷಗಳ ತಲೆಯ ಮೇಲೆ ಕೂತಿತು.

ಹೀಗೆ ಮುಂದೂಡಿದ ಮೊತ್ತವೆಲ್ಲ ಆಟಗಾರ ತಂಡದಲ್ಲಿರುವವರೆಗೆ ಕಂತು ಕಂತಾಗಿ ತೀರುತ್ತದೆ. ಆತನನ್ನು ಬಿಟ್ಟರೆ ಉಳಿದ ಕಂತುಗಳೆಲ್ಲ ಒಂದೋ ಎರಡೋ ವರ್ಷದಲ್ಲಿ ಒಟ್ಟಿಗೆ ಬಂದು ಎರಗುತ್ತವೆ, ಗ್ಯಾರಂಟಿ ಹಣವನ್ನು ಬೇರೆ ಕೊಡಬೇಕು, ಆಡಲು ಮಾತ್ರ ಆಟಗಾರನಿರುವುದಿಲ್ಲ. ಡೆಡ್ ಮನಿ ಎಂದು ಅಲ್ಲಿನ ಪತ್ರಕರ್ತರು ಕರೆಯುವುದು ಇದನ್ನೇ. ಆದ್ದರಿಂದ "ಈತ 6 ಕೋಟಿಗೆ ಯೋಗ್ಯನೇ?" ಎಂದು ಕೇಳುವುದು 2024ರಲ್ಲಿ ಸರಿಯಾಗಿತ್ತು. ಈಗ ಕೇಳಬೇಕಾದದ್ದು, ಈತನನ್ನು ಕಳಿಸಿದರೆ ನಿಜಕ್ಕೂ ಉಳಿಯುವುದೆಷ್ಟು, ಆ ಉಳಿತಾಯದಲ್ಲಿ ಬರುವವರು ಯಾರು ಎಂದು.

ಡೆನ್ವರ್ ಉದಾಹರಣೆ ಇದಕ್ಕೆ ವಿರುದ್ಧ ಎಂದು ನೀವು ಭಾವಿಸಿದ್ದೀರಿ. ನಡೆದದ್ದನ್ನು ನೋಡಿ. 2022ರಲ್ಲಿ ಸಿಯಾಟಲ್‌ನಿಂದ ವಿಲ್ಸನ್ ಅವರನ್ನು ತಂದು, ಹೊಸ ಜರ್ಸಿಯಲ್ಲಿ ಒಂದೇ ಒಂದು ಲೀಗ್ ಪಂದ್ಯ ಆಡುವ ಮುನ್ನವೇ ಡೆನ್ವರ್ ಅವರೊಂದಿಗೆ 24 ಕೋಟಿ ಡಾಲರಿಗೂ ಮಿಕ್ಕಿದ ಒಪ್ಪಂದ ಮಾಡಿಕೊಂಡಿತು. ಎರಡೇ ಋತುಗಳಲ್ಲಿ ಆ ನಂಟು ಹಳಸಿತು. 2024ರ ಮಾರ್ಚಿನಲ್ಲಿ ಅವರನ್ನು ಬಿಟ್ಟಾಗ ತಂಡದ ಲೆಕ್ಕಕ್ಕೆ ಬಂದ ಡೆಡ್ ಮನಿ ಎರಡು ವರ್ಷಗಳಲ್ಲಿ ಒಟ್ಟು 8.5 ಕೋಟಿ, ಲೀಗ್‌ನಲ್ಲಿ ಅದುವರೆಗೆ ಯಾವ ತಂಡವೂ ಒಬ್ಬ ಆಟಗಾರನಿಗಾಗಿ ಅಷ್ಟು ಕಳೆದುಕೊಂಡಿರಲಿಲ್ಲ. ಆ ಪೆಟ್ಟನ್ನು ತಂಡ ತಡೆದುಕೊಂಡಿತು, ಏಕೆಂದರೆ ಮುಂದಿನ ತಿಂಗಳೇ ಡ್ರಾಫ್ಟ್‌ನಲ್ಲಿ (ಕಾಲೇಜಿನಿಂದ ಬರುವ ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ವಾರ್ಷಿಕ ಪ್ರಕ್ರಿಯೆ) 12ನೆಯವರಾಗಿ ಆರಿಸಿದ ಕ್ವಾರ್ಟರ್‌ಬ್ಯಾಕ್ ಬೋ ನಿಕ್ಸ್ ಸಿಕ್ಕರು, ಮತ್ತು ಹೊಸಬರ ಸಂಬಳಕ್ಕೆ ಲೀಗ್ ನಿಗದಿಪಡಿಸಿರುವ ದರದಂತೆ ಅವರ ನಾಲ್ಕು ವರ್ಷದ ಒಟ್ಟು ಬೆಲೆ 1.86 ಕೋಟಿ ಮಾತ್ರ. ಡೆನ್ವರ್ ಅದೇ ವರ್ಷ ಪ್ಲೇಆಫ್‌ಗೆ ಹೋಯಿತು, ಮರುವರ್ಷ 17 ಪಂದ್ಯಗಳಲ್ಲಿ 14 ಗೆದ್ದಿತು. ಕಥೆ ಸುಂದರವಾಗಿದೆ, ಆದರೆ ಅದನ್ನು ಸುಂದರಗೊಳಿಸಿದ್ದು ಬಿಟ್ಟ ಆಟಗಾರನಲ್ಲ, ಬಂದ ಆಟಗಾರ.

ಅದೇ 2024ರ ಡ್ರಾಫ್ಟ್‌ನ ಮೊದಲ 12 ಆಯ್ಕೆಗಳಲ್ಲಿ ಆರು ಮಂದಿ ಕ್ವಾರ್ಟರ್‌ಬ್ಯಾಕ್‌ಗಳಿದ್ದರು. ಅವರಲ್ಲಿ ಜೆ. ಜೆ. ಮೆಕಾರ್ಥಿಯವರನ್ನು ಮಿನೆಸೋಟ ಆರಿಸಿತು. ಅವರು ಗಾಯಗೊಂಡು ಕೂತಿದ್ದ ಋತುವಿನಲ್ಲಿ ಸ್ಯಾಮ್ ಡಾರ್ನಲ್ಡ್ ತಂಡಕ್ಕೆ 14 ಗೆಲುವು ತಂದುಕೊಟ್ಟರು. ಅಗ್ಗದ ಹುಡುಗ ಮನೆಯಲ್ಲೇ ಇರುವಾಗ ಡಾರ್ನಲ್ಡ್‌ಗೆ ದೊಡ್ಡ ಮೊತ್ತ ಏಕೆ ಎಂದು ಮಿನೆಸೋಟ ಅವರನ್ನು ಹೋಗಗೊಟ್ಟಿತು. ಸಿಯಾಟಲ್ ಮೂರು ವರ್ಷಕ್ಕೆ 10.05 ಕೋಟಿ ಡಾಲರಿಗೆ ಅವರನ್ನು ಕರೆದುಕೊಂಡು 2026ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಗೆದ್ದಿತು. ಮಿನೆಸೋಟ ಪ್ಲೇಆಫ್‌ಗೂ ತಲುಪಲಿಲ್ಲ. ಒಂದೇ ನೀತಿ, ಒಂದೇ ಡ್ರಾಫ್ಟ್, ಎರಡು ಫಲ. ಡಲ್ಲಾಸ್‌ಗೆ ಡೆನ್ವರ್‌ನ ದಾರಿ ತೋರಿಸುವವರು ಮಿನೆಸೋಟದ ದಾರಿಯನ್ನೂ ತೋರಿಸಬೇಕಾಗುತ್ತದೆ.

ಕೂಪರ್ ರಷ್ ವಿಷಯದಲ್ಲಿ ನಿಮ್ಮ ಅಂಕಿ ಸರಿಯಾಗಿದೆ. ಇನ್ನೊಂದನ್ನೂ ನಾನೇ ಸೇರಿಸುತ್ತೇನೆ: 2024ರಲ್ಲಿ, 24 ಕೋಟಿಯ ಶಾಯಿ ಇನ್ನೂ ಆರದಿದ್ದಾಗ, ಪ್ರೆಸ್ಕಾಟ್ ಆಡಿದ ಎಂಟು ಪಂದ್ಯಗಳಲ್ಲಿ ಡಲ್ಲಾಸ್ ಗೆದ್ದದ್ದು ಮೂರು, ಅವರ ತೊಡೆಯ ಸ್ನಾಯು ಹರಿದ ಮೇಲೆ ರಷ್ ಆರಂಭಿಸಿದ ಎಂಟರಲ್ಲಿ ಗೆದ್ದದ್ದು ನಾಲ್ಕು. ಇಷ್ಟನ್ನೇ ಹಿಡಿದರೆ ನಿಮ್ಮ ಮೊಕದ್ದಮೆ ಗೆದ್ದಂತೆಯೇ. ಆದರೆ 2022ರ ಆ ನಾಲ್ಕು ಗೆಲುವುಗಳನ್ನು ಒಂದೊಂದಾಗಿ ತೆರೆದು ನೋಡಿ. ಸಿನ್ಸಿನಾಟಿ 17, ನ್ಯೂಯಾರ್ಕ್ 16, ವಾಷಿಂಗ್ಟನ್ 10, ಲಾಸ್ ಏಂಜಲೀಸ್ 10: ಎದುರಾಳಿಗಳು ಗಳಿಸಿದ ಅಂಕಗಳಿವು. ಮೈಕಾ ಪಾರ್ಸನ್ಸ್ ಮುಂಚೂಣಿಯಲ್ಲಿದ್ದ ಆ ರಕ್ಷಣಾ ಪಡೆ ಯಾರನ್ನೂ 17 ದಾಟಲು ಬಿಡಲಿಲ್ಲ. ಐದನೆಯ ಪಂದ್ಯದಲ್ಲಿ ಫಿಲಡೆಲ್ಫಿಯಾ 26 ಗಳಿಸಿತು, ರಷ್ ಮೂರು ಬಾರಿ ಚೆಂಡನ್ನು ಎದುರಾಳಿಯ ಕೈಗೆ ಎಸೆದರು, ಸರಣಿ ಅಲ್ಲಿಗೆ ಮುಗಿಯಿತು. ರಕ್ಷಣೆ ಬಲವಾಗಿದ್ದಾಗ ಅಗ್ಗದ ಕ್ವಾರ್ಟರ್‌ಬ್ಯಾಕ್‌ನಿಂದ ಕೆಲಸ ನಡೆಯುತ್ತದೆ ಎಂಬುದಕ್ಕೆ ಇದು ಒಳ್ಳೆಯ ಸಾಕ್ಷಿ. ಡಲ್ಲಾಸ್ ಆಮೇಲೆ ಆ ರಕ್ಷಣೆಯನ್ನೇ ಮಾರಿಕೊಂಡಿತು.

2025ರ ಆಗಸ್ಟ್ ಕೊನೆಯಲ್ಲಿ ಪಾರ್ಸನ್ಸ್ ಅವರನ್ನು ಗ್ರೀನ್ ಬೇಗೆ ಕೊಟ್ಟು, ಡ್ರಾಫ್ಟ್‌ನ ಎರಡು ಮೊದಲ ಸುತ್ತಿನ ಆಯ್ಕೆಗಳನ್ನೂ ರಕ್ಷಣಾ ಆಟಗಾರ ಕೆನ್ನಿ ಕ್ಲಾರ್ಕ್ ಅವರನ್ನೂ ಪಡೆಯಲಾಯಿತು. ಗ್ರೀನ್ ಬೇ ಪಾರ್ಸನ್ಸ್‌ಗೆ ನಾಲ್ಕು ವರ್ಷಕ್ಕೆ 18.8 ಕೋಟಿ ಕೊಟ್ಟಿತು. ಪ್ರೆಸ್ಕಾಟ್ ಎಲ್ಲವನ್ನೂ ಬಾಚಿಕೊಂಡದ್ದರಿಂದ ಪಾರ್ಸನ್ಸ್‌ಗೆ ಉಳಿಯಲಿಲ್ಲ ಎಂಬ ಮಾತು ಆಗಿನಿಂದ ಚಾಲ್ತಿಯಲ್ಲಿದೆ. ನನಗೆ ಅದು ಪೊಳ್ಳೆನಿಸುತ್ತದೆ. ಹೆಸರು ಬದಲಿಸಿ ಒಂದೇ ಏಟಿಗೆ 3.6 ಕೋಟಿ ಹುಟ್ಟಿಸಬಲ್ಲ ತಂಡಕ್ಕೆ ಪಾರ್ಸನ್ಸ್ ಅವರ ಮೊದಲ ಒಂದೆರಡು ವರ್ಷಗಳ ಲೆಕ್ಕ ಹೊಂದಿಸುವುದು ದೊಡ್ಡ ಮಾತಾಗಿರಲಿಲ್ಲ. ಮಾಲೀಕ ಜೆರ್ರಿ ಜೋನ್ಸ್ ಅವರಿಗೂ ಆಟಗಾರನ ಏಜೆಂಟರಿಗೂ ನಡುವೆ ಕೆಟ್ಟುಹೋದದ್ದು ಮಾತುಕತೆ. ಆ ಋತುವಿನಲ್ಲಿ ನಡೆದದ್ದು ನಿಮಗೆ ಗೊತ್ತೇ ಇದೆ. ಪ್ರೆಸ್ಕಾಟ್ 4,500 ಗಜಗಳಿಗೂ ಹೆಚ್ಚು ಎಸೆದು 30 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ಗಳಿಸುವುದು) ಕೊಟ್ಟರು, ಸೆಪ್ಟೆಂಬರಿನಲ್ಲಿ ಅದೇ ಗ್ರೀನ್ ಬೇ ಎದುರು ತಂಡ 40 ಅಂಕ ಗಳಿಸಿಯೂ 40–40ರ ಸಮದಲ್ಲಿ ಉಳಿಯಿತು, ಕೊನೆಗೆ ಏಳು ಗೆಲುವು, ಒಂಬತ್ತು ಸೋಲು, ಒಂದು ಸಮದೊಂದಿಗೆ ಮನೆಗೆ ನಡೆಯಿತು. 40 ಅಂಕ ಸಾಲದೆ ಹೋದರೆ ಆ ದೂರನ್ನು ಕ್ವಾರ್ಟರ್‌ಬ್ಯಾಕ್‌ನ ಸಂಬಳದ ಚೀಟಿಯ ಮೇಲೆ ಬರೆಯುವುದು ನ್ಯಾಯವಲ್ಲ.

ಪ್ಲೇಆಫ್ ವಿಷಯದಲ್ಲಿ ನಿಮ್ಮ ಸಿಟ್ಟು ನನಗೂ ಅರ್ಥವಾಗುತ್ತದೆ. ಏಳು ಪಂದ್ಯಗಳಲ್ಲಿ ಎರಡು ಗೆಲುವು ಎಂದರೆ ಯಾವ ಅಭಿಮಾನಿಯೂ ಎದೆ ತಟ್ಟಿಕೊಳ್ಳುವ ಸಾಧನೆಯಲ್ಲ. 2022ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಎದುರು 14 ಸೆಕೆಂಡು ಉಳಿದಿದ್ದಾಗ, ಟೈಮ್‌ಔಟ್ ಒಂದೂ ಇಲ್ಲದೆ, ಪ್ರೆಸ್ಕಾಟ್ ಚೆಂಡು ಹಿಡಿದು ಮೈದಾನದ ನಡುವೆ 17 ಗಜ ಓಡಿ ಜಾರಿ ಕುಳಿತರು. ಮುಂದಿನ ಆಟಕ್ಕೆ ಮೊದಲು ಅಂಪೈರ್ ಚೆಂಡನ್ನು ಮುಟ್ಟಿ ಇಡಬೇಕೆಂಬ ನಿಯಮವಿದ್ದು, ಅವರು ಆಟಗಾರರ ಗುಂಪನ್ನು ಸೀಳಿಕೊಂಡು ಬರುವಷ್ಟರಲ್ಲಿ ಗಡಿಯಾರ ಸೊನ್ನೆಗೆ ಬಂದಿತ್ತು. 2024ರ ಜನವರಿಯದು ಇನ್ನೂ ಕಹಿ. ತವರಿನ ಮೈದಾನದಲ್ಲಿ ಸತತ 16 ಪಂದ್ಯ ಗೆದ್ದಿದ್ದ ಡಲ್ಲಾಸ್, ಏಳನೇ ಶ್ರೇಯಾಂಕದ ಗ್ರೀನ್ ಬೇ ಎದುರು ಅರ್ಧ ಆಟ ಮುಗಿಯುವ ಮೊದಲೇ 27–0ರಿಂದ ಹಿಂದೆ ಬಿದ್ದಿತು. ಆ 27ರಲ್ಲಿ ಒಂದು ಟಚ್‌ಡೌನ್, ಪ್ರೆಸ್ಕಾಟ್ ಎಸೆದ ಚೆಂಡನ್ನು ಡಾರ್ನೆಲ್ ಸ್ಯಾವೇಜ್ ಹಿಡಿದು 64 ಗಜ ಓಡಿ ಗಳಿಸಿದ್ದು. ಕೊನೆಗೆ ಅವರ ಖಾತೆಯಲ್ಲಿ 403 ಗಜ, ಮೂರು ಟಚ್‌ಡೌನ್ ಜಮೆಯಾದವು, ಬಹುಪಾಲು ಪಂದ್ಯ ಕೈತಪ್ಪಿದ ಮೇಲೆ. ಅದೇ ಋತುವಿನಲ್ಲಿ 36 ಟಚ್‌ಡೌನ್ ಎಸೆದು ಲೀಗ್‌ಗೇ ಮೊದಲಿಗರಾಗಿ, ಅತ್ಯುತ್ತಮ ಆಟಗಾರನ ಪ್ರಶಸ್ತಿಯ ಮತದಾನದಲ್ಲಿ ಎರಡನೆಯವರಾಗಿದ್ದವರು ಇವರೇ. ಆ ದಿನದ ಮೊದಲಾರ್ಧಕ್ಕೆ ನನ್ನ ಬಳಿಯೂ ಸಮಾಧಾನವಿಲ್ಲ. ಆದರೆ ಎದುರಾಳಿ 48 ಅಂಕ ಗಳಿಸಿದ ದಿನ ಸೋಲಿನ ಪಾಲುದಾರರು ಹಲವರಿರುತ್ತಾರೆ. ಡಲ್ಲಾಸ್ ಕೊನೆಯ ಸಲ ಸೂಪರ್ ಬೌಲ್ ಗೆದ್ದದ್ದು 1996ರ ಜನವರಿಯಲ್ಲಿ, ಪ್ರೆಸ್ಕಾಟ್ ಎರಡೂವರೆ ವರ್ಷದ ಕೂಸಾಗಿದ್ದಾಗ. ಈ ಬರಗಾಲದ ಮೊದಲ ಇಪ್ಪತ್ತು ವರ್ಷಗಳನ್ನು ಅವರ ಲೆಕ್ಕಕ್ಕೆ ಹಾಕುವಂತಿಲ್ಲ.

ಹಾಗಾದರೆ 6 ಕೋಟಿಯಾದರೂ ಹೇಗೆ ಆಯಿತು? ಈ ತಂಡದ ಬಗ್ಗೆ ನನ್ನ ನಿಜವಾದ ತಕರಾರು ಇಲ್ಲಿದೆ. 2016ರ ಡ್ರಾಫ್ಟ್‌ನಲ್ಲಿ ಜ್ಯಾರೆಡ್ ಗಾಫ್ ಮೊದಲನೆಯವರಾಗಿ, ಕಾರ್ಸನ್ ವೆಂಟ್ಜ್ ಎರಡನೆಯವರಾಗಿ, ಪ್ರೆಸ್ಕಾಟ್ ನಾಲ್ಕನೇ ಸುತ್ತಿನಲ್ಲಿ 135ನೆಯವರಾಗಿ ಬಂದರು. 2019ರಲ್ಲಿ ಫಿಲಡೆಲ್ಫಿಯಾ ವೆಂಟ್ಜ್‌ಗೆ ನಾಲ್ಕು ವರ್ಷಕ್ಕೆ 12.8 ಕೋಟಿ, ಲಾಸ್ ಏಂಜಲೀಸ್ ಗಾಫ್‌ಗೆ 13.4 ಕೋಟಿ ಕೊಟ್ಟವು. ಡಲ್ಲಾಸ್ ಕಾಯಿತು. 2020ರಲ್ಲಿ ಫ್ರಾಂಚೈಸ್ ಟ್ಯಾಗ್ ಎಂಬ ಅಸ್ತ್ರ ಬಳಸಿ, ಒಂದೇ ವರ್ಷಕ್ಕೆ 3.14 ಕೋಟಿ ಕೊಟ್ಟು ಕಟ್ಟಿಹಾಕಿತು. ಆ ಅಕ್ಟೋಬರಿನಲ್ಲಿ ಪ್ರೆಸ್ಕಾಟ್ ಅವರ ಬಲಗಾಲಿನ ಪಾದದ ಕೀಲು ಮೈದಾನದಲ್ಲೇ ಮುರಿದು ತಿರುಚಿಕೊಂಡಿತು. ಇಷ್ಟಾದರೂ 2021ರ ಮಾರ್ಚಿನಲ್ಲಿ ತಂಡ ಕೊಟ್ಟದ್ದು ನಾಲ್ಕು ವರ್ಷಕ್ಕೆ 16 ಕೋಟಿ. ಜೊತೆಗೆ, ಅವರ ಒಪ್ಪಿಗೆಯಿಲ್ಲದೆ ಬೇರೆ ತಂಡಕ್ಕೆ ಕೊಡುವಂತಿಲ್ಲ, ಮತ್ತೆ ಟ್ಯಾಗ್ ಹಾಕುವಂತಿಲ್ಲ ಎಂಬ ಎರಡು ಷರತ್ತು. 2024ರಲ್ಲಿ ಪ್ರೆಸ್ಕಾಟ್ ಕಡೆಯವರ ಕೈ ಮೇಲಾದದ್ದು ಆ ಷರತ್ತುಗಳಿಂದಲೇ: ಋತು ಮುಗಿದರೆ ಅವರು ಯಾವ ತಂಡಕ್ಕೆ ಬೇಕಾದರೂ ಹೋಗಬಹುದಿತ್ತು, ಡಲ್ಲಾಸ್‌ಗೆ ಅದರಿಂದ ಒಂದು ಕಾಸೂ ಹುಟ್ಟುತ್ತಿರಲಿಲ್ಲ. ಪ್ರತಿ ಬಾರಿ ಕಾದಾಗಲೂ ಕ್ಯಾಪ್ ಏರಿತು, ಮಾರುಕಟ್ಟೆ ಏರಿತು, ಬೆಲೆ ಏರಿತು. ಕಾಯುವುದನ್ನೇ ಚಾಣಾಕ್ಷತನವೆಂದು ಬಗೆದ ಮಾಲೀಕ, ಕಾದದ್ದರ ಬಡ್ಡಿಯನ್ನು ಆಟಗಾರನಿಗೆ ಕಟ್ಟುತ್ತಿದ್ದಾರೆ.

ಬೇಗ ಕೊಟ್ಟವರೂ ಸುಖಪಡಲಿಲ್ಲವಲ್ಲ ಎಂದು ನೀವು ಕೇಳಬಹುದು, ಕೇಳಬೇಕು ಕೂಡ. ವೆಂಟ್ಜ್, ಗಾಫ್ ಇಬ್ಬರನ್ನೂ ಅವರವರ ತಂಡಗಳು 2021ರಲ್ಲೇ ಸಾಗಹಾಕಿದವು. ಲಾಸ್ ಏಂಜಲೀಸ್ ಗಾಫ್ ಜೊತೆಗೆ ಎರಡು ಮೊದಲ ಸುತ್ತಿನ ಆಯ್ಕೆಗಳನ್ನೂ ಡೆಟ್ರಾಯ್ಟ್‌ಗೆ ಕೊಟ್ಟು ಮ್ಯಾಥ್ಯೂ ಸ್ಟಾಫರ್ಡ್ ಅವರನ್ನು ತಂದು, ಅದೇ ಋತುವಿನಲ್ಲಿ ಸೂಪರ್ ಬೌಲ್ ಗೆದ್ದಿತು. ದುಬಾರಿ ಕ್ವಾರ್ಟರ್‌ಬ್ಯಾಕ್‌ನನ್ನು ಬಿಡುವುದು ಕೆಲವೊಮ್ಮೆ ಸರಿಯೇ ಎನ್ನಲು ಇದಕ್ಕಿಂತ ಬಲವಾದ ಸಾಕ್ಷಿ ಬೇಕಿಲ್ಲ. ಆದರೆ ಅವರು ಗಾಫ್ ಅವರನ್ನು ಕಳಿಸಿಕೊಟ್ಟದ್ದು ಸ್ಟಾಫರ್ಡ್ ಬರುವುದು ಖಚಿತವಾದ ವ್ಯವಹಾರದಲ್ಲೇ. ಇನ್ನೊಂದು ಕಡೆ ನ್ಯೂಯಾರ್ಕ್ ಜೈಂಟ್ಸ್ 2023ರಲ್ಲಿ ಕ್ವಾರ್ಟರ್‌ಬ್ಯಾಕ್ ಡ್ಯಾನಿಯಲ್ ಜೋನ್ಸ್‌ಗೆ ನಾಲ್ಕು ವರ್ಷಕ್ಕೆ 16 ಕೋಟಿ ಕೊಟ್ಟು, ಮರುವರ್ಷ ಚೆಂಡು ಹಿಡಿದು ಓಡುವ ಆಟಗಾರ ಸೇಕ್ವಾನ್ ಬಾರ್ಕ್ಲಿಯವರನ್ನು ಫಿಲಡೆಲ್ಫಿಯಾಕ್ಕೆ ಬಿಟ್ಟುಕೊಟ್ಟಿತು. ಬಾರ್ಕ್ಲಿ ಅಲ್ಲಿ 2,005 ಗಜ ಓಡಿ ಸೂಪರ್ ಬೌಲ್ ಗೆದ್ದರು. ಜೋನ್ಸ್ ಅವರನ್ನು ನವೆಂಬರಿನಲ್ಲಿ, ಋತುವಿನ ನಡುವೆಯೇ, ಮನೆಗೆ ಕಳಿಸಲಾಯಿತು. ಅಲ್ಲಿ ಬಿಟ್ಟದ್ದನ್ನು ನಾನು ಆಕ್ಷೇಪಿಸುವುದಿಲ್ಲ, ಏಕೆಂದರೆ ಜೋನ್ಸ್ ಆಡುತ್ತಿದ್ದ ಆಟ ಅದಕ್ಕಿಂತ ಎಷ್ಟೋ ಅಗ್ಗಕ್ಕೆ ಮಾರುಕಟ್ಟೆಯಲ್ಲಿ ಸಿಗುತ್ತಿತ್ತು. ಪ್ರೆಸ್ಕಾಟ್ 2025ರಲ್ಲಿ ಆಡಿದ ಆಟ ಹಾಗೆ ಸಿಗುವುದಿಲ್ಲ.

ಒಂದು ಭಯ ಮಾತ್ರ ನನಗೂ ಇದೆ. 2026ರ ಜುಲೈಗೆ ಅವರಿಗೆ 33 ತುಂಬುತ್ತದೆ. ಒಪ್ಪಂದ ಮುಗಿಯುವುದು 2028ಕ್ಕೆ. ಪಾದದ ಕೀಲು, ತೊಡೆ ಎರಡಕ್ಕೂ ಶಸ್ತ್ರಚಿಕಿತ್ಸೆಯಾಗಿರುವ ದೇಹ ಯಾವ ಋತುವಿನಲ್ಲಿ ಕೈಕೊಡುತ್ತದೆಂದು ಯಾರೂ ಬರೆದುಕೊಡಲಾರರು. ಆದ್ದರಿಂದ ಡಲ್ಲಾಸ್ ಮಾಡಬೇಕಾದದ್ದು, ಪ್ರೆಸ್ಕಾಟ್ ಚೆನ್ನಾಗಿ ಆಡುತ್ತಿರುವಾಗಲೇ ಅವರ ಹಿಂದೆ ಒಬ್ಬನನ್ನು ಬೆಳೆಸುವುದು. ಗ್ರೀನ್ ಬೇ ಬ್ರೆಟ್ ಫಾರ್ವ್ ಇದ್ದಾಗಲೇ 2005ರಲ್ಲಿ ಏರನ್ ರಾಜರ್ಸ್ ಅವರನ್ನು ಆರಿಸಿ ಮೂರು ವರ್ಷ ಕೂರಿಸಿತ್ತು. ರಾಜರ್ಸ್ ಇದ್ದಾಗ 2020ರಲ್ಲಿ ಜಾರ್ಡನ್ ಲವ್ ಅವರನ್ನು ಆರಿಸಿ ಮತ್ತೆ ಮೂರು ವರ್ಷ ಕೂರಿಸಿತು. ಡಲ್ಲಾಸ್‌ನಲ್ಲಿ 27–0 ಮಾಡಿಹೋದದ್ದು ಹಾಗೆ ಬೆಳೆದ ಲವ್ ಅವರ ತಂಡವೇ.

ಉತ್ತರಾಧಿಕಾರಿ ಇಲ್ಲದೆ ಕ್ವಾರ್ಟರ್‌ಬ್ಯಾಕ್ ಹೋದರೆ ಏನಾಗುತ್ತದೆಂಬುದು ಡಲ್ಲಾಸ್‌ಗೆ ಗೊತ್ತಿಲ್ಲದ್ದೇನಲ್ಲ. 2001ರಲ್ಲಿ ಟ್ರಾಯ್ ಏಕ್‌ಮನ್ ನಿವೃತ್ತರಾದ ಮೇಲೆ ಕ್ವಿನ್ಸಿ ಕಾರ್ಟರ್, ಆಂಟನಿ ರೈಟ್, ರಯಾನ್ ಲೀಫ್, ಚಾಡ್ ಹಚಿನ್‌ಸನ್, ವಿನ್ನಿ ಟೆಸ್ಟಾವರ್ಡಿ, ಡ್ರೂ ಬ್ಲೆಡ್ಸೋ ಎಂದು ಒಬ್ಬರ ಹಿಂದೊಬ್ಬರು ಬಂದು ಹೋದರು. 2006ರ ಅಕ್ಟೋಬರಿನಲ್ಲಿ, ಯಾವ ತಂಡವೂ ಡ್ರಾಫ್ಟ್‌ನಲ್ಲಿ ಆರಿಸದಿದ್ದ ಟೋನಿ ರೋಮೋ ಕೈಗೆ ಚೆಂಡು ಸಿಗುವವರೆಗೆ ಆ ಮೆರವಣಿಗೆ ನಿಲ್ಲಲಿಲ್ಲ. ಪ್ರೆಸ್ಕಾಟ್ ಸಿಕ್ಕದ್ದಾದರೂ ಮುಂದಾಲೋಚನೆಯಿಂದಲ್ಲ. 2016ರಲ್ಲಿ ತಂಡ ಕಣ್ಣಿಟ್ಟಿದ್ದ ಪ್ಯಾಕ್ಸ್‌ಟನ್ ಲಿಂಚ್ ಅವರನ್ನು ಡೆನ್ವರ್, ಕಾನರ್ ಕುಕ್ ಅವರನ್ನು ಓಕ್‌ಲೆಂಡ್ ಮೊದಲೇ ಹಾರಿಸಿಕೊಂಡು ಹೋದದ್ದರಿಂದ. 1989ರಲ್ಲಿ ಏಕ್‌ಮನ್ ಅವರನ್ನು ಆರಿಸಿದ ವರ್ಷದ ನಂತರ, 2025ರವರೆಗಿನ ಒಂದು ಡ್ರಾಫ್ಟ್‌ನಲ್ಲೂ ಡಲ್ಲಾಸ್ ಮೊದಲ ಸುತ್ತಿನಲ್ಲಿ ಕ್ವಾರ್ಟರ್‌ಬ್ಯಾಕ್‌ನನ್ನು ಆರಿಸಿಲ್ಲ. ನಿಮ್ಮ ಮುಂದಿನ ದೂರನ್ನು ಮಾಲೀಕ ಜೆರ್ರಿ ಜೋನ್ಸ್ ಅವರ ಕಚೇರಿಗೆ ಬರೆಯುವುದಾದರೆ, ಪ್ರೆಸ್ಕಾಟ್ ಅವರ ಸಂಬಳದ ಬದಲು ಈ ವಿಷಯವನ್ನು ಎತ್ತಿಕೊಳ್ಳಿ.